15 ನಿಮಿಷದಲ್ಲಿ ವೆಬ್‌ಸೈಟ್ ಕಟ್ಟಬಹುದೇ? ವಿಡಿಯೊ ಸುಳ್ಳಲ್ಲ, ಆದರೆ...

‘ಕೋಡಿಂಗ್ ಬರದಿದ್ದರೂ 15 ನಿಮಿಷದಲ್ಲಿ ವೆಬ್‌ಸೈಟ್ ಮಾಡಿ, ಇಂದೇ ಕೋರ್ಸ್ ಸೇರಿ!’ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಗನ ಫೀಸು ಕಟ್ಟುವ ಮುಂಚೆ ನನ್ನ ಚಿಕ್ಕಮ್ಮ ಅಂಥದ್ದೊಂದನ್ನು ಕಳಿಸಿ, ‘ಇದು ಸುಳ್ಳೇನೇ?’ ಎಂದು ಕೇಳಿದರು. ಪೂರ್ತಿ ಸುಳ್ಳು ಎನ್ನಲು ಆಗಲಿಲ್ಲ. ಹಾಗೆ ಕಟ್ಟಿ ತೋರಿಸಿದ ವಿಡಿಯೊ ನಿಜಕ್ಕೂ ಇದೆ, 2005ರದ್ದು.

ಅದರ ಹಿಂದಿರುವುದು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ. ಜಪಾನಿನ ಯುಕಿಹಿರೊ ಮಾಟ್ಸುಮೊಟೊ 1995ರಲ್ಲಿ ಅದನ್ನು ಬಿಡುಗಡೆ ಮಾಡಿದರು. ಮೊದಮೊದಲು ಅದರ ವಿವರಣೆಯೆಲ್ಲ ಹೆಚ್ಚಾಗಿ ಜಪಾನಿ ಭಾಷೆಯಲ್ಲೇ ಇದ್ದುದರಿಂದ ಹೊರಗಿನವರಿಗೆ ಅಷ್ಟಾಗಿ ತಿಳಿದಿರಲಿಲ್ಲ. 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್, ರೂಬಿಯಲ್ಲಿ ವೆಬ್‌ಸೈಟ್ ಕಟ್ಟಲು ‘ರೇಲ್ಸ್’ ಎಂಬ ಸಿದ್ಧ ಚೌಕಟ್ಟನ್ನು ಉಚಿತವಾಗಿ ಕೊಟ್ಟರು. ಮರುವರ್ಷ ಬಂದ ವಿಡಿಯೊದಲ್ಲಿ ಅವರು ಭಾಷೆಯ ಗುಣಗಾನ ಮಾಡುತ್ತ ಕೂರದೆ, ಸುಮಾರು 15 ನಿಮಿಷದಲ್ಲಿ ಕಣ್ಣೆದುರೇ ಒಂದು ಬ್ಲಾಗ್ ಕಟ್ಟಿದರು. ಬರಹ ಸೇರಿಸು, ತಿದ್ದು, ಅಳಿಸು: ಸುದ್ದಿತಾಣದಿಂದ ಕಾಲೇಜಿನ ನೋಟಿಸ್ ಪುಟದವರೆಗೆ ಎಲ್ಲದರ ಒಳಗೂ ಇರುವುದು ಇದೇ. ನೋಡಿದವರಿಗೆ ‘ನನ್ನ ಕೆಲಸವೂ ಇದರಲ್ಲಿ ಆಗುತ್ತದೆ’ ಅನ್ನಿಸಿತು. ಸಂವಹನ ಓದಿದವಳಾಗಿ ಹೇಳುವುದಾದರೆ, ಇದಕ್ಕಿಂತ ಒಳ್ಳೆಯ ಪ್ರಚಾರ ಕಷ್ಟ.

ಆದರೆ ಆ 15 ನಿಮಿಷ ಪಳಗಿದ ಕೈಯದ್ದು, ಅದೂ ರೇಲ್ಸ್ ರೂಪಿಸಿದವರದ್ದೇ. ತಂತ್ರಾಂಶಗಳು ಮೊದಲೇ ಇನ್‌ಸ್ಟಾಲ್ ಆಗಿದ್ದವು. ಅರ್ಧ ಕೋಡನ್ನು ರೇಲ್ಸ್ ತಾನೇ ಬರೆದುಕೊಡುತ್ತಿತ್ತು. ಟಿವಿ ಅಡುಗೆ ಕಾರ್ಯಕ್ರಮದಲ್ಲಿ ತರಕಾರಿ ಹೆಚ್ಚಿಟ್ಟು, ಬೇಳೆ ಬೇಯಿಸಿಟ್ಟಿರುತ್ತಾರಲ್ಲ, ಹಾಗೆ.

ಸುಲಭವಾದದ್ದಕ್ಕೆ ಇನ್ನೊಂದು ಮುಖವೂ ಇತ್ತು. ಫಾರ್ಮಿನಲ್ಲಿ ತುಂಬಿದ್ದನ್ನೆಲ್ಲ ಒಂದೇ ಸಾಲಿನಲ್ಲಿ ಡೇಟಾಬೇಸಿಗೆ ಸೇರಿಸುವ ಸೌಲಭ್ಯ ರೇಲ್ಸ್‌ನಲ್ಲಿತ್ತು. ಆರಂಭಿಕರ ಪಾಠಗಳಲ್ಲೂ ಆ ಸಾಲು ಇರುತ್ತಿತ್ತು. ಅರ್ಜಿಯಲ್ಲಿ ಇಲ್ಲದ ಕಾಲಂ ಒಂದನ್ನು ನಾವೇ ಗೀಚಿ ‘ಮಾಲೀಕ: ನಾನು’ ಎಂದು ಬರೆದರೆ, ಗುಮಾಸ್ತ ನೋಡದೆ ಠಸ್ಸೆ ಒತ್ತಿದಂತೆ. 2012ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್, ಜಗತ್ತಿನ ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್‌ನಲ್ಲಿ ಹೀಗೇ ಮಾಡಿ, ರೇಲ್ಸ್‌ನ ಸ್ವಂತ ಕೋಡಿಗೇ ಕೈಹಾಕಿ ತೋರಿಸಿದ. ಗಿಟ್‌ಹಬ್ ಕೂಡ ರೇಲ್ಸ್‌ನಲ್ಲೇ ಕಟ್ಟಿದ್ದು! ಆಮೇಲೆ ರೇಲ್ಸ್ ತನ್ನ ನಿಯಮ ಬಿಗಿ ಮಾಡಿತು. ಈಗ ಯಾವ ಕಾಲಂಗಳನ್ನು ಒಪ್ಪಬೇಕೆಂದು ನಾವೇ ಹೇಳಬೇಕು.

ಚಿಕ್ಕಮ್ಮನಿಗೆ ನಾನು ಹೇಳಿದ್ದಿಷ್ಟು: ಫೀಸು ಆಮೇಲೆ ಕಟ್ಟಿದರಾಯಿತು. ರೂಬಿ, ರೇಲ್ಸ್ ಎರಡೂ ಉಚಿತ, ಕಲಿಯುವ ಪಾಠವೂ ಅದರ ತಾಣದಲ್ಲೇ ಇದೆ. ಮಗ ಮೊದಲು ಆ ಪಾಠ ನೋಡಿ ಒಂದು ಬ್ಲಾಗ್ ಮಾಡಲಿ. ಆಮೇಲೆ, ಬರೆದವರೇ ಹೊರತು ಬೇರೆಯವರು ಬರಹ ಅಳಿಸದ ಹಾಗೆ ಅದನ್ನು ಬದಲಿಸಲಿ. ಎರಡು ವಾರ ಬೇಕಾದರೂ ಪರವಾಗಿಲ್ಲ.

ಈಗ ಮೂರನೇ ವಾರ. ಅಳಿಸುವ ಬಟನ್ ಮಾತ್ರ ಇನ್ನೂ ಎಲ್ಲರಿಗೂ ಕಾಣುತ್ತಿದೆಯಂತೆ.