ಬಾಲಿಯ ಹೂಮೀನಿನ ಮರಿಮನೆಗಳು

ಕನ್ನಡ ಕರಾವಳಿಯವರು ಹೂಮೀನೆಂದು ಕರೆಯುವ ಮೀನಿಗೆ ಜಾವಾ ದ್ವೀಪದಲ್ಲಿ ‘ಬಂದೆಂಗ್’ ಎಂದು ಹೆಸರು. ಅದರ ಮರಿಗೆ ‘ನೆನೆರ್’ ಎಂಬ ಬೇರೆಯೇ ಒಂದು ಹೆಸರುಂಟು. ಮರಿಗೆ ಪ್ರತ್ಯೇಕ ನಾಮವು ಸಂದಿರುವುದು ಅಕಾರಣವಲ್ಲ. ‘ತಂಬಾಕ್’ ಎಂಬ ಉಪ್ಪುನೀರಿನ ಕೊಳಗಳಲ್ಲಿ ಈ ಮೀನನ್ನು ಸಾಕುವ ಪದ್ಧತಿ ಶತಮಾನಗಳಷ್ಟು ಹಳೆಯದಾದರೂ, ಸಾಕಿದ ಮೀನು ಕೊಳದಲ್ಲಿ ಮೊಟ್ಟೆಯಿಡುತ್ತಿರಲಿಲ್ಲ. ಕಡಲಿನಲ್ಲಿ ಹುಟ್ಟಿದ, ಎಳೆಯಂತೆ ತೆಳ್ಳಗಿನ ಪಾರದರ್ಶಕ ಮರಿಗಳು ತೀರಕ್ಕೆ ಬಂದಾಗ ಅವನ್ನು ಸಣ್ಣಕಣ್ಣಿನ ಬಲೆಗಳಲ್ಲಿ ಸೋಸಿ, ಎಣಿಸಿ ಮಾರುವುದು ಎಷ್ಟೋ ಬಡಕುಟುಂಬಗಳ ಕಸುಬಾಗಿದ್ದಿತು. ಕೊಳದೊಡೆಯನ ವರ್ಷದ ಫಲವೂ ಹೀಗೆ ಋತುವಿನ ಕೃಪೆಗೆ ಅಧೀನವಾಗಿದ್ದಿತು.

ಈ ಪರಾಧೀನತೆಯನ್ನು ನೀಗಲು ನಡೆದ ಯತ್ನಗಳ ಫಲವಾಗಿ, 1980ರಲ್ಲಿ ಫಿಲಿಪ್ಪೀನ್ಸಿನ ಇಗಾಂಗ್ ಎಂಬಲ್ಲಿ ತೇಲುಪಂಜರಗಳಲ್ಲಿ ಸಾಕಿದ ಮೀನುಗಳು ತಾವಾಗಿಯೇ ಮೊಟ್ಟೆಯಿಟ್ಟುವು. ಆದರೆ ಮೊಟ್ಟೆ ದೊರೆತ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ತಾಯಿಮೀನು ಪ್ರೌಢವಾಗಲು ಐದು ವರ್ಷಗಳಷ್ಟು ಕಾಲ ಬೇಕು; ಅಲ್ಲಿಯವರೆಗೆ ಮೇವಿಕ್ಕಿ ಕಾಯುವುದು ಬಡವನಿಂದಾಗದು. ಇನ್ನೊಂದು ತೊಡಕೆಂದರೆ ಮರಿಯ ಬಾಯಿ. ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುವುದು. ಹುಟ್ಟುವಾಗ ತಂದ ಬುತ್ತಿ ಎರಡು ಮೂರು ದಿನಗಳಲ್ಲಿ ತೀರುವುದು. ಆಗ ತೆರೆಯುವ ಬಾಯಿ ಎಷ್ಟು ಕಿರಿದೆಂದರೆ, ರೋಟಿಫರ್ ಎಂಬ ಸೂಕ್ಷ್ಮಜೀವಿಯಂತಹ ಆಹಾರವಲ್ಲದೆ ಬೇರೊಂದು ಅದಕ್ಕೆ ಹಿಡಿಸದು. ರೋಟಿಫರಿಗೆ ಆಹಾರವಾಗಿ ಹಸಿರು ಅಣುಪಾಚಿಯನ್ನು ಬೆಳೆಸಬೇಕು. ಎಂದರೆ, ಮರಿ ಬೆಳೆಸುವವನು ಮೊದಲು ನೀರಿನ ಹುಲ್ಲನ್ನೂ, ತರುವಾಯ ಆ ಹುಲ್ಲನ್ನು ಮೇಯುವ ಹಿಂಡನ್ನೂ ಸಿದ್ಧಪಡಿಸಿಕೊಂಡು, ಕಡೆಯಲ್ಲಿ ಮೀನಿಗೆ ಬರಬೇಕು.

ಬಾಲಿಯ ಉತ್ತರ ತೀರದ ಗೊಂದೋಲಿನಲ್ಲಿ ಮೊದಲನೆಯ ತೊಡಕನ್ನು ಬಿಡಿಸಿದ ರೀತಿ ಸರಳವೂ ಜಾಣ್ಮೆಯದೂ ಆಗಿದೆ. ತಾಯಿಮೀನಿನ ಭಾರವನ್ನು ಅಲ್ಲಿಯ ಸಂಶೋಧನಾಲಯವೂ ದೊಡ್ಡ ಮರಿಮನೆಗಳೂ ಹೊತ್ತುವು. ಸುತ್ತಣ ಮನೆಯವರು ಫಲಿತವಾದ ಮೊಟ್ಟೆಗಳನ್ನು ಮಾತ್ರ ಕೊಂಡು, 1990ರ ದಶಕದಿಂದೀಚೆಗೆ ಹಿತ್ತಿಲಿನ ಸಿಮೆಂಟು ತೊಟ್ಟಿಗಳಲ್ಲಿ ಮರಿ ಬೆಳೆಸತೊಡಗಿದರು. ಸುಮಾರು ಮೂರು ವಾರಗಳಲ್ಲಿ ಮರಿ ಮಾರಾಟಕ್ಕೆ ಒದಗುವುದರಿಂದ, ಒಂದು ತೊಟ್ಟಿ ಪೂರ್ತಿಯಾಗಿ ಕೆಟ್ಟರೂ ಹೋಗುವುದು ಒಂದು ತಿಂಗಳ ದುಡಿಮೆ, ಹೊಲವಲ್ಲ. ನೆನೆರಿನ ಬೆಲೆ ಕುಸಿದಾಗ ಅದೇ ತೊಟ್ಟಿಗಳಲ್ಲಿ ಗ್ರೂಪರ್ ಜಾತಿಯ ಮೀನುಗಳನ್ನು ಬೆಳೆಸಿದವರೂ ಉಂಟು. ಆದರೆ ಆ ಮರಿಗಳು ನರಗಳಿಗೆ ತಗಲುವ ವೈರಸ್ ರೋಗಕ್ಕೆ ಸುಲಭವಾಗಿ ತುತ್ತಾಗುವುವು. ಇತ್ತ ತೊಟ್ಟಿಯ ಮರಿ ಅಗ್ಗವಾದಂತೆ, ತೀರದಲ್ಲಿ ಬಲೆಹಿಡಿದು ನಿಲ್ಲುತ್ತಿದ್ದವರ ಕಸುಬು ಕ್ಷೀಣಿಸಿತು. ಮರಿಮನೆಯ ಯಶಸ್ಸನ್ನು ಎಣಿಸುವವರು ಈ ನಷ್ಟವನ್ನು ಲೆಕ್ಕಕ್ಕೆ ತರುವುದು ವಿರಳ.

ಭಾರತದಲ್ಲಿ ಹೂಮೀನು ಮನುಷ್ಯನ ಆರೈಕೆಯಲ್ಲಿ ಸಂತಾನವನ್ನು ಪಡೆದುದು 2015ರಲ್ಲಿ, ಚೆನ್ನೈಯ ಉಪ್ಪುನೀರು ಜಲಕೃಷಿ ಸಂಸ್ಥೆಯಲ್ಲಿ. ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಾದರೋ ಹಿಂದಿನಿಂದಲೂ ಉಬ್ಬರದ ನೀರು ತಂದುದೇ ಬೀಜ, ತೂಬಿನಲ್ಲಿ ಸಿಕ್ಕಿದುದೇ ಬೆಳೆ.