ಚೆಂಡು ಬಿದ್ದಲ್ಲಿ ಕಥೆ ನಿಲ್ಲಬೇಕು

‘ಹೊಲಕ್ಕೆ ಬುದ್ಧಿ ಕಟ್ಟಿಕೊಂಡು ಹೊನ್ನಾಳಿ.’

ಇದು ಯಾವ ನವ್ಯ ಕವಿಯ ಸಾಲೂ ಅಲ್ಲ. ಹೇಮಗುಡ್ಡದ ಬದಿಯ ಹೆಣ್ಣುಮಗಳೊಬ್ಬಳು ಫೋನಿನ ಮುಂದೆ ‘ಹೊಲಕ್ಕ ಬುತ್ತಿ ಕಟ್ಟಿಕೊಂಡು ಹೊಂಟಾಳ’ ಅಂದದ್ದನ್ನು ಫೋನು ಹೀಗೆ ಬರೆದುಕೊಂಡಿತು. ‘ನೋಡ್ರಿ, ನನ್ನ ನಾಯಕಿನ್ನ ಇದು ಹೊನ್ನಾಳಿಗೆ ಕಳಿಸಿಬಿಡ್ತು’ ಎಂದು ಆಕೆ ನಕ್ಕ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾನು ಹೋದದ್ದು ಕಥೆಗಾರ್ತಿಯನ್ನು ಹುಡುಕಿಕೊಂಡಲ್ಲ, ಹೇಮಗುಡ್ಡದ ಕೋಟೆ ನೋಡಲು. ದುರ್ಗಾಪರಮೇಶ್ವರಿಯ ಗುಡಿ, ದಸರೆಯಲ್ಲಿ ಆನೆಯ ಮೇಲೆ ಹೊರಡುವ ಅಂಬಾರಿ, ಅನತಿ ದೂರದ ಕುಮ್ಮಟದುರ್ಗ ಎಲ್ಲ ಓದುಗರಿಗೆ ಗೊತ್ತಿರುವುದೇ. ಇಳಿಯುವಾಗ ಬಿಸಿಲು ನೆತ್ತಿಗೇರಿತ್ತು. ಜೊತೆಗಿದ್ದ ಗಂಗಾವತಿಯ ಗೆಳೆಯ ‘ನಮ್ಮ ಅಕ್ಕನ ಮನಿಯಾಗ ಒಂದ್ ತಂಬಿಗಿ ಮಜ್ಜಿಗಿ ಕುಡದು ಹೋಗೂಣು’ ಎಂದ. ಮಜ್ಜಿಗೆ ಕುಡಿದೆವು. ಎದ್ದಾಗ ಸಂಜೆಯಾಗಿತ್ತು. ಅಷ್ಟೂ ಹೊತ್ತು ಆಕೆ ಹೇಳಿದಳು, ನಾನು ಕೇಳಿದೆ.

ಅಕ್ಕ ಒಂದು ಆಪ್‌ನಲ್ಲಿ ಧಾರಾವಾಹಿ ಬರೆಯುತ್ತಾಳೆ. ಊರಿನ ಹೆಸರು, ಆಪ್‌ನ ಹೆಸರು, ಆಕೆಯ ಕಾವ್ಯನಾಮ ಮೂರನ್ನೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೇನೆ. ಕಾರಣವಿದೆ. ಪಕ್ಕದ ಮನೆಯ ಸೊಸೆ ನಳದ ಹತ್ತಿರ ನಿಂತು, ತಾನು ಓದುತ್ತಿರುವ ಧಾರಾವಾಹಿಯ ಅತ್ತೆಯನ್ನು ಬಯ್ಯುತ್ತಾ ಇಡೀ ಕಥೆಯನ್ನು ಈಕೆಗೇ ಒಪ್ಪಿಸಿದಳಂತೆ. ಬರೆದವಳು ಎದುರಿಗೇ ಕೊಡ ಹಿಡಿದು ನಿಂತಿದ್ದಾಳೆ. ‘ಮುಂದ ಏನಾಕ್ಕೈತೋ ಯವ್ವಾ’ ಎಂದು ಆಕೆ ಕೇಳಿದರೆ, ‘ನನಗೇನ್ ಗೊತ್ತವ್ವಾ’ ಎಂದು ಈಕೆ ಕೊಡ ಎತ್ತಿಕೊಂಡು ಬಂದಳು. ‘ಸುಳ್ಳಲ್ರಿ, ಖರೇನ ನನಗ ಗೊತ್ತಿರಲಿಲ್ಲ’ ಎಂದು ನಮಗೆ ಬಿಡಿಸಿ ಹೇಳಿದಳು.

ಮೊದಲು ದುಡ್ಡಿನ ಮಾತು ಮುಗಿಸೋಣ. ಎಲ್ಲರೂ ಕೇಳುವುದು ಅದನ್ನೇ. ಮೊದಲ ಸಲ ಖಾತೆಗೆ ಬಿದ್ದದ್ದು ಫೋನಿನ ಒಂದು ರೀಚಾರ್ಜ್‌ಗೆ ಸಾಕಾಗುವಷ್ಟು. ಅತಿ ಒಳ್ಳೆಯ ತಿಂಗಳಲ್ಲಿ ಗದ್ದೆಗೆ ಎರಡು ಚೀಲ ಗೊಬ್ಬರ ಬಂತು. ‘ಮನೆಯಲ್ಲೇ ಕೂತು ಬರೆದು ಲಕ್ಷ ಗಳಿಸಿ’ ಎನ್ನುವ ಜಾಹೀರಾತುಗಳನ್ನು ನಾನು ಮೊದಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಆ ಎರಡು ಚೀಲದ ಲೆಕ್ಕ ಹೇಳುವಾಗ ಅಕ್ಕನ ಬೆನ್ನು ನೆಟ್ಟಗಾದದ್ದನ್ನು ಕಂಡೆ. ಅದನ್ನು ನಂಬದೆ ಇರಲು ಆಗುವುದಿಲ್ಲ.

ಇನ್ನು ನನ್ನ ತಲೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಅಕ್ಕನಿಗೆ ಕೀಬೋರ್ಡ್ ಕುಟ್ಟುವಷ್ಟು ಬಿಡುವಿಲ್ಲ. ರೊಟ್ಟಿ ಬಡಿಯುತ್ತಾ, ಅಕ್ಕಿ ಆರಿಸುತ್ತಾ ಫೋನಿಗೆ ಹೇಳುತ್ತಾಳೆ. 2017ರ ಆಗಸ್ಟ್‌ನಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡವೂ ಸೇರಿದ ಮೇಲೆ, ಹೇಳಿ ಬರೆಸುವುದು ಹಳ್ಳಿ ಹಳ್ಳಿಯ ಕೈಗೆ ಬಂದಿದೆ. ಆದರೆ ಫೋನು ಕಲಿತದ್ದು ಪುಸ್ತಕದ ಕನ್ನಡ. ಕೊಪ್ಪಳ ಸೀಮೆಯ ಮಾತು ಕಿವಿಗೆ ಬಿದ್ದರೆ ಕಕ್ಕಾಬಿಕ್ಕಿಯಾಗುತ್ತದೆ. ನಾನೂ ಪರೀಕ್ಷೆಗೆ ಇಳಿದೆ. ‘ಮಳಿ ಬರಾಕತ್ತೈತಿ’ ಅಂದರೆ ಮಳೆಯ ಜಾಗದಲ್ಲಿ ಕತ್ತಲೆ ಬಂತು. ಗೆಳೆಯ ‘ಉಣ್ಣಾಕ ಬರ್ರಿ’ ಅಂದ, ಊಟವೇ ಮಾಯವಾಯಿತು. ಅರ್ಧ ಗಂಟೆ ಮೂವರೂ ಮಕ್ಕಳಂತೆ ಇದೇ ಆಟ ಆಡಿದೆವು.

ಹಾಗಾಗಿ ಅಕ್ಕ ಏನು ಮಾಡಿದ್ದಾಳೆ ಗೊತ್ತೇ? ಫೋನಿನ ಮುಂದೆ ಬೇರೆಯೇ ಹೆಂಗಸಾಗಿದ್ದಾಳೆ. ‘ಅವಳು ಹೊಲಕ್ಕೆ ಹೋಗುತ್ತಿದ್ದಾಳೆ’ ಎಂದು ಒಂದೊಂದೇ ಪದ ಬಿಡಿಸಿ, ದೂರದರ್ಶನದ ವಾರ್ತೆಯವರ ಹಾಗೆ ಹೇಳುತ್ತಾಳೆ. ‘ನಮ್ಮವ್ವ ಸಿಟ್ಟಿಗೆದ್ದಾಗ ಒಂದ್ ಕನ್ನಡ, ಕಥಿ ಹೇಳ್ವಾಗ ಒಂದ್ ಕನ್ನಡ’ ಎಂದು ಮಗಳು ಆಡಿಕೊಳ್ಳುತ್ತಾಳೆ. ಎಲ್ಲವನ್ನೂ ಫೋನಿಗೆ ಬಿಟ್ಟುಕೊಟ್ಟಿಲ್ಲ, ಅದು ಬೇರೆ ಮಾತು. ಪಾತ್ರಗಳು ಬಾಯಿ ಬಿಡುವ ಕಡೆ ಒಂದೊಂದು ಮಾತನ್ನು ಬೆರಳಿನಿಂದ ಕುಟ್ಟಿ ತಿದ್ದುತ್ತಾಳೆ. ‘ಎಲ್ಲಾ ತಿದ್ದಾಕ ಆಗಂಗಿಲ್ರಿ. ಹೊಟ್ಟಿಯಾಗಿಂದ ಬಂದ ಮಾತಷ್ಟ.’

ಬರೆದು ದುಡಿಯುವುದು ನಮ್ಮಲ್ಲಿ ಹೊಸದೇನಲ್ಲ. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯಲ್ಲಿ ಕಾದಂಬರಿಗಳನ್ನು ಕಂತು ಕಂತಾಗಿ ಓದಿಸಿದ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಲೇಖನಿಯಿಂದಲೇ ಬದುಕಿದರು. ಆಮೇಲೆ ವಾರಪತ್ರಿಕೆಗಳ ಧಾರಾವಾಹಿಗಳ ಕಾಲ ಬಂತು. ಸುಧಾ, ತರಂಗ ಬರುವ ದಿನ ಮನೆಯಲ್ಲಿ ಮೊದಲು ಯಾರ ಕೈಗೆ ಎಂಬ ಜಗಳವನ್ನು ನನ್ನ ವಯಸ್ಸಿನವರು ಮರೆತಿಲ್ಲ. ಅಂತರ್ಜಾಲದಲ್ಲಿ 2005ರ ಸಂಪದ, 2007ರ ಕೆಂಡಸಂಪಿಗೆ ಕನ್ನಡದಲ್ಲಿ ಬರೆಯುವ ಹುಮ್ಮಸ್ಸು ಕೊಟ್ಟವು. ಹುಮ್ಮಸ್ಸಿಗೆ ಸಂಬಳವಿರಲಿಲ್ಲ. ಬರಹದ ಪಕ್ಕ ಜಾಹೀರಾತು ಹಾಕಿ ಗಳಿಸೋಣ ಎಂದರೆ, ಗೂಗಲ್‌ನ ಆಡ್‌ಸೆನ್ಸ್ ಹಿಂದಿಗೆ 2014ರಲ್ಲಿ, ಬಂಗಾಳಿಗೆ 2017ರಲ್ಲಿ, ತಮಿಳು ತೆಲುಗಿಗೆ 2018ರಲ್ಲಿ ಬಾಗಿಲು ತೆರೆಯಿತು. ಕನ್ನಡ ಹೊಸ್ತಿಲಲ್ಲೇ ಕಾಯಿತು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ತಂದಾಗಲೂ ಆ ಐದರಲ್ಲಿ ನಾವಿರಲಿಲ್ಲ. ಕನ್ನಡದ ಇ-ಪುಸ್ತಕ ಮಾರಲು ಮೈಲ್ಯಾಂಗ್‌ನಂಥ ನಮ್ಮವರದೇ ಅಂಗಡಿಗಳು ಬರಬೇಕಾಯಿತು.

ಕಂತಿನ ಕಥೆಗೆ ದೊಡ್ಡ ಸಂತೆಯಾದದ್ದು ಪ್ರತಿಲಿಪಿ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇದರಲ್ಲಿ ಕನ್ನಡವೂ ಸೇರಿ ಹನ್ನೆರಡು ಭಾಷೆಗಳಿವೆ. ಯಾರು ಬೇಕಾದರೂ ಬರೆಯಬಹುದು. ಸಂಪಾದಕರ ‘ವಿಷಾದ ಪತ್ರ’ ಬರುವುದಿಲ್ಲ. 2021ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಮುಂದಾಳತ್ವದಲ್ಲಿ ಇದಕ್ಕೆ 4.8 ಕೋಟಿ ಡಾಲರ್ ಬಂಡವಾಳ ಬಂತು. ಕ್ರಾಫ್ಟನ್ ಎಂದರೆ ಪಬ್‌ಜಿಯ ಒಡೆಯರು. ಕಟ್ಟೆಯ ಮೇಲೆ ಹುಡುಗರು ತಲೆ ಬಗ್ಗಿಸಿ ಗುಂಡು ಹಾರಿಸಿ ಆಡಿದ ಆಟದ ದುಡ್ಡು ಅತ್ತೆ-ಸೊಸೆ ಕಥೆಗಳ ಗದ್ದೆಗೆ ನೀರಾಗಿ ಹರಿಯಿತು! ಇದನ್ನು ಹೇಳಿದಾಗ ಅಕ್ಕ ಮಗನ ಕಡೆ ತಿರುಗಿ ‘ಆಡಪ್ಪಾ, ಆಡು’ ಎಂದಳು.

ಇಂಥ ಕಡೆಗಳಲ್ಲಿ ದುಡ್ಡು ಹೇಗೆ ಬರುತ್ತದೆ? ಓದುಗರು ಆಪ್‌ನೊಳಗೆ ನಾಣ್ಯಗಳನ್ನು ಕೊಳ್ಳುತ್ತಾರೆ. ಮೆಚ್ಚಿದ ಕಂತಿಗೆ ಸ್ಟಿಕರ್ ಕೊಡಬಹುದು, ಲೇಖಕಿಗೆ ತಿಂಗಳ ಚಂದಾದಾರರಾಗಬಹುದು. ಮುಖ್ಯವಾದದ್ದು ಬೀಗ. ಮುಂದಿನ ಕಂತಿಗೆ ಬೀಗ ಬಿದ್ದಿರುತ್ತದೆ; ಕಾಯುವವರಿಗೆ ಪುಕ್ಕಟೆ, ಕಾಯಲಾರದವರಿಗೆ ನಾಣ್ಯ. ಚೀನಾದ ಚಿದಿಯಾನ್ ಎಂಬ ತಾಣ 2003ರಲ್ಲೇ ಅಧ್ಯಾಯಕ್ಕಿಷ್ಟು ಎಂದು ಸಾವಿರ ಅಕ್ಷರದ ಲೆಕ್ಕದಲ್ಲಿ ವಸೂಲಿ ಶುರುಮಾಡಿತ್ತು. ಹೊಸಬರಿಗೆ ನಾನು ಹೇಳುವುದು ಎರಡೇ ಮಾತು. ಪ್ರಕಟಿಸಲು ನಿಮ್ಮಿಂದಲೇ ದುಡ್ಡು ಕೇಳುವವರ ಕಡೆ ಬೆನ್ನು ತಿರುಗಿಸಿ. ‘ಒಪ್ಪಿದೆ’ ಎಂದು ಒತ್ತುವ ಮೊದಲು ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ ಎಂಬುದನ್ನು ಓದಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ.

ಬೀಗದ ವಿಷಯ ಬಂದಾಗ ನಾನು ಸ್ವಲ್ಪ ಮೂಗು ಮುರಿದೆ. ‘ಸಾಹಿತ್ಯ ಎಂದರೆ ಬೀಗವೇ?’ ಎಂದೆ. ಅಕ್ಕ ಗುಡ್ಡದ ಕಡೆ ಕೈ ತೋರಿಸಿದಳು. ‘ಕುಮಾರರಾಮನ ಕಥಿ ಕೇಳೀರಿಲ್ಲೋ?’

ಕೇಳದೆ ಇರುತ್ತೇನೆಯೇ. ಕಂಪಿಲರಾಯನ ಮಗ, ಕುಮ್ಮಟದ ಗಂಡುಗಲಿ. 1327ರಲ್ಲಿ ದಿಲ್ಲಿಯ ತುಘಲಕನ ಸೈನ್ಯಕ್ಕೆ ರಾಜ್ಯ ಬಿದ್ದರೂ ಕಥೆ ಬೀಳಲಿಲ್ಲ. ನಂಜುಂಡನಂಥ ಕವಿಗಳು ಸಾಂಗತ್ಯ ಬರೆದರು. ಬುರ್ರಕಥೆಯವರು ಊರೂರಿಗೆ ಹೊತ್ತು ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವ ಪಡೆದ ದರೋಜಿ ಈರಮ್ಮ ಓದು ಬರಹ ಬಾರದವರು. 2014ರಲ್ಲಿ ತೀರಿಕೊಳ್ಳುವವರೆಗೂ ಇಂಥ ಮಹಾಕಾವ್ಯಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು.

‘ನಮ್ಮಜ್ಜಿ ಹೇಳ್ತಿದ್ಲು’ ಎಂದಳು ಅಕ್ಕ. ‘ಕಥಿಯವರು ಬಂದ್ರ ರಾತ್ರಿಗಟ್ಲೆ ನಡೀತಿತ್ತಂತ. ರಾಮ ಚೆಂಡಾಟ ಆಡ್ತಾನ. ಚೆಂಡು ಪುಟದು ಹೋಗಿ ಮಲತಾಯಿ ರತ್ನಾಜಿ ಅರಮನಿಯಾಗ ಬೀಳ್ತೈತಿ. ತರಾಕ ಒಳಗ ಹೊಂಟಾನ... ಅಲ್ಲೇ ತಂಬೂರಿ ಕೆಳಗಿಡೋರಂತ. ಉಳದದ್ದು ನಾಳಿಗೆ. ಮರುದಿನ ಮುಂಜಾನೆ ಜೋಳಿಗಿ ಹಿಡದು ಮನಿ ಮನಿಗೆ ಬಂದ್ರ, ಒಂದ್ ಸೇರು ಹಾಕೋರು ಎರಡು ಸೇರು ಜ್ವಾಳ ಹಾಕ್ತಿದ್ರಂತ.’

ನನ್ನ ಬಾಯಿ ಮುಚ್ಚಿತು. ಜೋಳ ಬಿದ್ದದ್ದು ಕಥೆಗಲ್ಲ. ಕಥೆಯಂತೂ ಊರಿಗೇ ಗೊತ್ತಿತ್ತು. ಬಿದ್ದದ್ದು ನಿಲ್ಲಿಸಿದ ಜಾಗಕ್ಕೆ. ಆಪ್ ಅದೇ ಜಾಗಕ್ಕೆ ಬೆಲೆ ಕಟ್ಟಿದೆ. ವ್ಯತ್ಯಾಸವೊಂದೇ: ಆಗ ಸೇರು ಅಳೆಯುವವಳು ಹೊಸ್ತಿಲಲ್ಲಿ ಕಾಣುತ್ತಿದ್ದಳು, ಕಥೆಯನ್ನು ತನ್ನ ಮಾತಿನಲ್ಲೇ ಕೇಳಿದ್ದಳು. ಈಗ ಅಳತೆ ಎಲ್ಲೋ ನಡೆಯುತ್ತದೆ, ಹೇಳುವವಳು ತನ್ನ ಮಾತನ್ನು ಬದಿಗಿಟ್ಟು ಯಂತ್ರಕ್ಕೆ ತಿಳಿಯುವ ಮಾತು ಆಡಬೇಕು. ಈ ಎರಡನೆಯದಕ್ಕೆ ಪರಿಹಾರವಾಗಿ ಯಾರೂ ಒಂದು ನಾಣ್ಯ ಕೊಟ್ಟಿಲ್ಲ.

ರಾತ್ರಿ ಗಂಗಾವತಿಯ ಲಾಡ್ಜಿನಲ್ಲಿ ಆಪ್ ಹಾಕಿಕೊಂಡು ಅಕ್ಕನ ಧಾರಾವಾಹಿ ತೆರೆದೆ. ಅವಳ ಭಾಷೆಯ ಸೊಗಸು ಹುಡುಕಬೇಕೆಂದು ಕೂತವನು ನಾನು. ಪುಸ್ತಕದ ಕನ್ನಡದಲ್ಲಿ ನೆಟ್ಟಗೆ ನಡೆಯುವ ವಾಕ್ಯಗಳನ್ನು ಓಡಿಸಿಕೊಂಡು ಹೋದೆ. ಸೊಸೆ ಬೆಳಗಿನ ಜಾವ ಗಂಟು ಕಟ್ಟಿಕೊಳ್ಳುತ್ತಾಳೆ. ಸದ್ದಾಗದಂತೆ ಚಿಲಕ ತೆಗೆಯುತ್ತಾಳೆ. ಒಂಬತ್ತು ಕಂತುಗಳಲ್ಲಿ ಒಂದು ಮಾತೂ ಆಡದೆ ಹಾಸಿಗೆ ಹಿಡಿದಿದ್ದ ಅತ್ತೆ ಕತ್ತಲಿನಿಂದ ಕೇಳುತ್ತಾಳೆ:

‘ಬುತ್ತಿ ಕಟ್ಟಿಕೊಳ್ದ ಎಲ್ಲಿಗೆ ಹೊಂಟೀ?’

ಬೆರಳಿನಿಂದ ಕುಟ್ಟಿದ ಸಾಲು. ಅದರ ಕೆಳಗೆ ಬೀಗ. ನಾಳೆಯವರೆಗೆ ಕಾದರೆ ಪುಕ್ಕಟೆ. ನಾನು ಜೋಳ ಹಾಕಿದೆ.