ಎದೆಗೆ ಕಟ್ಟಿದ ಕೂಸು: ಸ್ಲಿಂಗ್ ಕೊಳ್ಳುವ ಮುನ್ನ, ಕಟ್ಟುವ ಮುನ್ನ

ಊರಿನಲ್ಲಿ ಕೂಸು ಹುಟ್ಟಿದರೆ ಎತ್ತಿಕೊಳ್ಳುವ ಕೈಗಳಿಗೆ ಕೊರತೆಯಿಲ್ಲ. ಅಜ್ಜಿಯ ತೊಡೆಯಿಂದ ಚಿಕ್ಕಮ್ಮನ ಸೊಂಟಕ್ಕೆ, ಅಲ್ಲಿಂದ ಪಕ್ಕದ ಮನೆ ಹುಡುಗಿಯ ಕಂಕುಳಿಗೆ ಕೂಸು ದಾಟುತ್ತಲೇ ಇರುತ್ತದೆ. ಗಲ್ಫಿನಲ್ಲಿ ಲೆಕ್ಕವೇ ಬೇರೆ. ಬಾಣಂತನಕ್ಕೆಂದು ಬಂದ ಅಮ್ಮನೋ ಅತ್ತೆಯೋ ವಿಸಿಟ್ ವೀಸಾ ಮುಗಿಯುತ್ತಿದ್ದಂತೆ ವಿಮಾನ ಹತ್ತುತ್ತಾರೆ. ಯುಎಇಯ ಖಾಸಗಿ ಕೆಲಸದಲ್ಲಿರುವ ತಾಯಿಗೆ ಹೆರಿಗೆ ರಜೆ 60 ದಿನ. ಅದರಲ್ಲಿ 45 ದಿನಕ್ಕೆ ಪೂರ್ತಿ ಸಂಬಳ, 15 ದಿನಕ್ಕೆ ಅರ್ಧ. ತಂದೆಗೆ ಸಿಗುವುದು 5 ಕೆಲಸದ ದಿನಗಳ ರಜೆ. ಆಮೇಲೆ ಫ್ಲ್ಯಾಟಿನಲ್ಲಿ ಉಳಿಯುವುದು ಒಬ್ಬ ತಾಯಿ, ಒಂದು ಅಳುವ ಕೂಸು, ಒಲೆಯ ಮೇಲೊಂದು ಕುಕ್ಕರ್.

ಆಗ ನೆನಪಾಗುವುದು ಸ್ಲಿಂಗ್. ಕೂಸನ್ನು ಎದೆಗೆ ಕಟ್ಟಿಕೊಂಡರೆ ಎರಡು ಕೈ ಬಿಡುವಾಗುತ್ತವೆ. ನಮ್ಮ ಆಸ್ಪತ್ರೆಯ ಫಾರ್ಮಸಿ ಕೌಂಟರಿಗೆ ವಿಟಮಿನ್ ಡಿ ಹನಿ ಕೊಳ್ಳಲು ಬರುವ ಹೊಸ ತಂದೆತಾಯಂದಿರು ಕನ್ನಡದವರೆಂದು ಗೊತ್ತಾದ ಮೇಲೆ ಮಾತು ಬೆಳೆಯುತ್ತದೆ. "ಯಾವ ಕಂಪನಿಯದು ಒಳ್ಳೆಯದು?" ಎಂದು ಕೇಳುತ್ತಾರೆ. ಕಂಪನಿಯ ವಿಚಾರ ಆಮೇಲೆ. ನೂರು ದಿರ್ಹಮ್ಮಿನದಾಗಲಿ, ಆರುನೂರರದಾಗಲಿ, ಕಟ್ಟಿದ ಮೇಲೆ ಮಗುವಿನ ಮೂಗು ಬಾಯಿ ತೆರೆದಿವೆಯೇ, ಗಲ್ಲ ಎದೆಗೆ ತಾಗಿಲ್ಲವೇ ಎಂಬುದೇ ಮೊದಲ ಪ್ರಶ್ನೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ನಮಗೆ ಹೊಸದೇನಲ್ಲ

ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸು ಮಲಗಿಸಿ ಕಳೆ ಕಿತ್ತ ತಾಯಂದಿರ ಮಕ್ಕಳು, ಮೊಮ್ಮಕ್ಕಳು ನಾವು. ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವುದು, ಸ್ವಲ್ಪ ದೊಡ್ಡವರಾದ ಮೇಲೆ ಕೂಸುಮರಿ ಮಾಡುವುದು ನಮಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಹೀಗೆ ಎತ್ತಿಕೊಳ್ಳುವುದರಿಂದ ಪ್ರಯೋಜನವೂ ಇದೆ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ, ದಿನಕ್ಕೆ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರು ವಾರದ ವಯಸ್ಸಿನಲ್ಲಿ ಉಳಿದವಕ್ಕಿಂತ ಶೇ. 43ರಷ್ಟು ಕಡಿಮೆ ಹೊತ್ತು ಅತ್ತವು. ಹೊಟ್ಟೆನೋವಿನಂತೆ ಬಿಡದೆ ಅಳುವ ಕೊಲಿಕ್ ಮಕ್ಕಳಲ್ಲಿ ಮಾತ್ರ ಅಂಥ ಫಲ ಆಮೇಲಿನ ಅಧ್ಯಯನದಲ್ಲಿ ಕಾಣಲಿಲ್ಲ. ಹಾಗಾಗಿ ಸ್ಲಿಂಗ್ ಕಟ್ಟಿಯೂ ಕೂಸು ಅಳುತ್ತಿದ್ದರೆ ತಾಯಂದಿರು ತಮ್ಮನ್ನು ಹಳಿದುಕೊಳ್ಳಬೇಕಿಲ್ಲ.

ಆದರೆ ಊರಿನಲ್ಲಿ ಕೂಸನ್ನು ಎತ್ತಿಕೊಂಡವರ ಸುತ್ತ ನಾಲ್ಕು ಜೊತೆ ಕಣ್ಣುಗಳಿದ್ದವು. "ಏ, ಕೂಸಿನ ಕತ್ತು ನೋಡೇ" ಎನ್ನುವ ಅಜ್ಜಿ ಇದ್ದಳು. ಇಲ್ಲಿ ಆ ಕಣ್ಣು ನಾವೇ ಆಗಬೇಕು.

ಮೊದಲು ಉಸಿರು

ಎಳೆ ಕೂಸಿನ ತಲೆ ಭಾರ, ಕತ್ತು ಬಲಹೀನ. ಶ್ವಾಸನಾಳ ಕಿರಿದು, ಮೆತ್ತಗೆ. ಗಲ್ಲ ಎದೆಗೆ ಒತ್ತಿಕೊಂಡರೆ ಅದು ಮಡಚಿದ ನೀರಿನ ಪೈಪಿನ ಹಾಗಾಗುತ್ತದೆ. ತಲೆ ಎತ್ತಿಕೊಳ್ಳುವ ಶಕ್ತಿ ಕೂಸಿಗಿಲ್ಲ. ಉಸಿರು ಸಾಲದ ಕೂಸು ಅಳುವುದೂ ಇಲ್ಲ. ಸುಮ್ಮನಾಗುತ್ತದೆ, ನಾವು ನಿದ್ದೆ ಬಂತು ಎಂದುಕೊಳ್ಳುತ್ತೇವೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅದಕ್ಕೆ ಹಿಂದಿನ 20 ವರ್ಷಗಳಲ್ಲಿ ಕನಿಷ್ಠ 14 ಸಾವುಗಳು ಅದರ ಗಮನಕ್ಕೆ ಬಂದಿದ್ದವು. ಅವುಗಳಲ್ಲಿ 12 ನಾಲ್ಕು ತಿಂಗಳೂ ತುಂಬದ ಮಕ್ಕಳದು. ಲಕ್ಷಾಂತರ ಜನ ಬಳಸುವ ವಸ್ತುವಿಗೆ ಈ ಸಂಖ್ಯೆ ಚಿಕ್ಕದೇ. ಆದರೆ ಸರಿಯಾಗಿ ಕಟ್ಟಿದರೆ ತಪ್ಪಿಸಬಹುದಾದ ಅಪಾಯವಿದು. ಬಟ್ಟೆ ಮೂಗು ಬಾಯಿಗೆ ಒತ್ತಿಕೊಂಡರೆ ಒಂದೆರಡು ನಿಮಿಷದಲ್ಲೇ ಉಸಿರು ಕಟ್ಟಬಹುದು ಎಂದು ಆಯೋಗ ಹೇಳಿತ್ತು.

ಬ್ರಿಟನ್ನಿನಲ್ಲಿ ಸ್ಲಿಂಗ್ ಬಳಕೆಗೆ ಐದು ಅಂಶಗಳ ಒಂದು ನಿಯಮವಿದೆ. 'ಟಿಕ್ಸ್' ಎಂದು ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ:

1. ಬಿಗಿ ಇರಲಿ. ಸಡಿಲವಾದರೆ ಕೂಸು ಒಳಗೆ ಕುಸಿದು ಮುದುಡುತ್ತದೆ.
2. ಮುಖ ಸದಾ ಕಾಣಲಿ. ಕಣ್ಣು ಕೆಳಗಿಟ್ಟರೆ ಸಾಕು, ಬಟ್ಟೆ ಸರಿಸದೆ ಮೂಗು ಬಾಯಿ ಕಾಣಬೇಕು.
3. ಮುತ್ತು ಕೊಡುವಷ್ಟು ಹತ್ತಿರವಿರಲಿ. ತಲೆ ಬಾಗಿಸಿದರೆ ಕೂಸಿನ ನೆತ್ತಿ ತುಟಿಗೆ ಸಿಗಬೇಕು.
4. ಗಲ್ಲ ಎದೆಗೆ ತಾಗದಿರಲಿ. ಗಲ್ಲದ ಕೆಳಗೆ ಕನಿಷ್ಠ ಒಂದು ಬೆರಳಿನ ಜಾಗ ಬೇಕು. ನಾನು ಎರಡು ಬೆರಳು ಎಂದೇ ಹೇಳುತ್ತೇನೆ.
5. ಬೆನ್ನಿಗೆ ಆಧಾರವಿರಲಿ. ಕೂಸಿನ ಬೆನ್ನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿ. ಕೂಸು ನಿಮ್ಮತ್ತ ಇನ್ನಷ್ಟು ಸರಿದರೆ ಅಥವಾ ಮುದುಡಿದ್ದು ಬಿಚ್ಚಿಕೊಂಡರೆ ಕಟ್ಟಿದ್ದು ಸಡಿಲ ಎಂದರ್ಥ.

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಆರು ವಾರದ ಕೂಸನ್ನು ಚೀಲದಂಥ ಸ್ಲಿಂಗಿನಲ್ಲಿ ಹಾಕಿಕೊಂಡು ಕೌಂಟರಿಗೆ ಬಂದಿದ್ದರು. ಬಿಸಿಲು ತಾಗಬಾರದೆಂದು ಮೇಲೊಂದು ದುಪಟ್ಟಾ. "ಈಗಷ್ಟೇ ನಿದ್ದೆ ಹೋಯಿತು" ಎಂದರು. ಒಮ್ಮೆ ತೆಗೆದು ನೋಡಿ ಎಂದೆ. ಗಲ್ಲ ಎದೆಗೆ ಅಂಟಿತ್ತು, ಉಸಿರಿನ ಜೊತೆ ಸಣ್ಣಗೆ ಗೊರಗೊರ ಸದ್ದು. ಹೊರಗೆ ತೆಗೆದು ಭುಜಕ್ಕೆ ನೆಟ್ಟಗೆ ಒರಗಿಸಿಕೊಂಡ ಮೇಲೆ ಕೂಸು ಜೋರಾಗಿ ಅತ್ತಿತು. ಆ ಅಳು ಕೇಳಿ ನಮಗಿಬ್ಬರಿಗೂ ಜೀವ ಬಂದಂತಾಯಿತು.

ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ, ಉಸಿರಾಟದ ತೊಂದರೆಯಿರುವ ಕೂಸಾದರೆ ಮಕ್ಕಳ ವೈದ್ಯರನ್ನು ಕೇಳದೆ ಸ್ಲಿಂಗ್ ಕಟ್ಟಬಾರದು. ಅಂಥ ಮಕ್ಕಳಿಗೆ ಆಸ್ಪತ್ರೆಯಲ್ಲಿ ಹೇಳಿಕೊಡುವ 'ಕಾಂಗರೂ ಆರೈಕೆ' ಬೇರೆಯದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಆ ಪದ್ಧತಿಯಲ್ಲಿ ಕೂಸಿನ ಮೈಯನ್ನು ತಾಯಿಯ ಬರಿ ಎದೆಗೆ ತಾಗಿಸಿ, ಸಿಬ್ಬಂದಿಯ ಕಣ್ಗಾವಲಿನಲ್ಲಿ ಕಟ್ಟುತ್ತಾರೆ.

ಕಾಲು ಕಪ್ಪೆಯ ಹಾಗಿರಲಿ

ಎರಡನೆಯದು ಸೊಂಟದ ಕೀಲು. ಕೂಸಿನ ಮಂಡಿಗಳು ಅಂಡಿಗಿಂತ ತುಸು ಮೇಲಿರಬೇಕು, ತೊಡೆಗಳು ಅಗಲಿರಬೇಕು, ಬಟ್ಟೆ ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದರವರೆಗೆ ಆಧಾರ ಕೊಡಬೇಕು. ಕಾಲು ಕೆಳಗೆ ಜೋತಾಡುವ ಕಿರಿದಾದ ಕ್ಯಾರಿಯರ್ ಎಳೆ ಕೂಸಿಗೆ ಬೇಡ. ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವ ರೂಢಿಯನ್ನೂ ಬಿಡಿ; ಅದರಿಂದ ಕೀಲು ಸರಿಯಾಗಿ ಕೂರದೆ ಹೋಗಬಹುದು. ಹೆಣ್ಣುಕೂಸು, ಹೊಟ್ಟೆಯಲ್ಲಿ ಬುಡ ಕೆಳಗಾಗಿ ಇದ್ದ ಕೂಸು, ಮನೆತನದಲ್ಲಿ ಸೊಂಟದ ಕೀಲಿನ ತೊಂದರೆ ಇದ್ದ ಕೂಸು ಎಂದರೆ ಇನ್ನಷ್ಟು ಗಮನ ಬೇಕು.

ಮೊದಲ ಆರು ತಿಂಗಳು ಕೂಸಿನ ಮುಖ ನಮ್ಮತ್ತಲೇ ಇರಲಿ. ಬೆನ್ನಿಗೆ ಕಟ್ಟುವುದು ಕೂಸು ತಾನೇ ಕೂರಲು ಕಲಿತ ಮೇಲೆ. ಹೊರಮುಖವಾಗಿ ಕಟ್ಟಿದರೂ ಸ್ವಲ್ಪ ಹೊತ್ತು ಮಾತ್ರ. ನಿದ್ದೆ ಬಂದರೆ ಒಳಮುಖ ಮಾಡಿಕೊಳ್ಳಿ.

ಯಾವುದನ್ನು ಕೊಳ್ಳಬೇಕು?

ಹಿಗ್ಗುವ ಬಟ್ಟೆಯ ರ‍್ಯಾಪ್: ಸುಮಾರು ಐದು ಮೀಟರಿನ ಬನಿಯನ್ ಬಟ್ಟೆಯಂಥದ್ದು. ಎಳೆ ಕೂಸಿಗೆ ಮೆತ್ತಗೆ, ಹಿತ. ಆದರೆ ಮೈಮೇಲೆ ಮೂರು ಪದರ ಬರುವುದರಿಂದ ಸೆಕೆ ಹೆಚ್ಚು, ಕೂಸು ಭಾರವಾದಂತೆ ಜೋಲುತ್ತದೆ. ಬೆನ್ನಿಗೆ ಕಟ್ಟಲು ಇದು ಬೇಡ.

ನೇಯ್ದ ಬಟ್ಟೆಯ ರ‍್ಯಾಪ್: ಸಾಧಾರಣ ಮೈಕಟ್ಟಿನವರಿಗೆ ಸುಮಾರು 4.6 ಮೀಟರ್. ನಡೆಯುವ ವಯಸ್ಸಿನವರೆಗೂ ಬರುತ್ತದೆ. ಕಟ್ಟಲು ಕಲಿಯಬೇಕು, ಅಷ್ಟೇ.

ರಿಂಗ್ ಸ್ಲಿಂಗ್: ಒಂದು ಭುಜದ ಮೇಲೆ ಬಂದು ಎರಡು ಬಳೆಗಳಲ್ಲಿ ಬಿಗಿಯುವಂಥದ್ದು. ಒಂದೇ ಪದರ, ಹಾಗಾಗಿ ನಮ್ಮ ಸೆಕೆಗೆ ಒಳ್ಳೆಯದು. ಭಾರ ಒಂದೇ ಭುಜಕ್ಕೆ ಬೀಳುವುದರಿಂದ ಆಗಾಗ ಬದಲಿಸಿ.

ಬಕಲ್ ಕ್ಯಾರಿಯರ್: ಬ್ಯಾಗಿನಂತೆ ತೊಟ್ಟು ಕ್ಲಿಪ್ ಹಾಕುವುದು. ಕಲಿಯಲು ಸುಲಭ, ಗಂಡಸರಿಗೆ ಇಷ್ಟ. ಕನಿಷ್ಠ ತೂಕ ಎಷ್ಟೆಂದು ಲೇಬಲ್ ಓದಿ. ಹಲವು ಕ್ಯಾರಿಯರ್‌ಗಳಲ್ಲಿ ಅದು ಮೂರೂವರೆ ಕಿಲೋ ಆಸುಪಾಸು.

ಚೀಲದಂಥ ಸ್ಲಿಂಗ್: ಕೂಸು ಅಡ್ಡಲಾಗಿ, ಗುಂಡಿಯೊಳಗೆ ಬಿದ್ದಂತೆ ಮಲಗುವಂಥದ್ದು. ಪುಕ್ಕಟೆ ಕೊಟ್ಟರೂ ಬೇಡ.

ಲೇಬಲ್ಲಿನಲ್ಲಿ ತೂಕದ ಮಿತಿಯ ಜೊತೆಗೆ ಯುರೋಪಿನ ಇಎನ್ 13209-2, ಇಲ್ಲವೇ ಅಮೆರಿಕದ ಎಎಸ್‌ಟಿಎಂ ಎಫ್2236 ಅಥವಾ ಎಫ್2907 ಎಂಬ ಗುರುತಿದೆಯೇ ನೋಡಿ. ಖಾಯಂ ಆಗಿ ಊರಿಗೆ ಹೊರಟವರು ವಾಟ್ಸಾಪ್ ಗುಂಪಿನಲ್ಲಿ ಹಾಕುವ ಹಳೆಯದನ್ನು ಕೊಳ್ಳುವುದು ತಪ್ಪೇನಲ್ಲ. ಹೊಲಿಗೆ ಎಳೆದು ನೋಡಿ, ಬಕಲ್ ಹತ್ತು ಸಲ ಹಾಕಿ ತೆಗೆಯಿರಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ಸವೆದಿದೆಯೇ ಪರೀಕ್ಷಿಸಿ.

"ಅಮ್ಮನ ಹಳೆಯ ಸೀರೆ ಸಾಲದೇ?" ಎಂದು ಕೇಳುವವರಿದ್ದಾರೆ. ಮಮತೆ ಅರ್ಥವಾಗುತ್ತದೆ. ಆದರೆ ಸವೆದ ಕಾಟನ್ ಹರಿಯಬಹುದು. ರೇಷ್ಮೆ, ಪಾಲಿಯೆಸ್ಟರ್ ಗಂಟು ಜಾರಬಹುದು. ಫ್ಲ್ಯಾಟಿನ ಜಿಪ್ಸಮ್ ಸೀಲಿಂಗಿಗೆ ಜೋಲಿ ಕಟ್ಟುವ ಸಾಹಸವಂತೂ ಬೇಡವೇ ಬೇಡ.

ತಂದಮೇಲೆ ಮೊದಲು ಸೋನಾ ಮಸೂರಿಯ ಐದು ಕಿಲೋ ಚೀಲವನ್ನು ಕಟ್ಟಿ ಮನೆಯೊಳಗೆ ಓಡಾಡಿ. ಆಮೇಲೆ ಹಾಸಿಗೆಯ ಪಕ್ಕ ನಿಂತು, ಇನ್ನೊಬ್ಬರ ಕೈ ಆಸರೆಯಲ್ಲಿ ಕೂಸನ್ನು ಕಟ್ಟಿ. ಸಿಸೇರಿಯನ್ ಆದ ತಾಯಿ ವೈದ್ಯರು ಒಪ್ಪುವವರೆಗೆ ಕಾಯಲಿ. ಅಲ್ಲಿಯವರೆಗೆ ಅಪ್ಪ ಕಟ್ಟಿಕೊಳ್ಳಲಿ.

ನಮ್ಮ ಸೆಕೆಗೆ

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಗಟ್ಟಿಮುಟ್ಟಾದ ಕಾರ್ಮಿಕನಿಗೇ ಆಗದ ಬಿಸಿಲು ಕೂಸಿಗೆ ಆಗುತ್ತದೆಯೇ? ಆ ಹೊತ್ತಿನಲ್ಲಿ ಹೊರಗೆ ಬೇಡ. ಸಂಜೆಯೂ ಧಗೆ ಇಳಿಯದಿದ್ದರೆ ಮಾಲ್ ಒಳಗೇ ಅಡ್ಡಾಡಿ. ಸ್ಲಿಂಗಿನ ಬಟ್ಟೆಯೂ ಕೂಸಿಗೆ ಒಂದು ಅಂಗಿಯಿದ್ದಂತೆ, ಮೇಲೆ ನಮ್ಮ ಮೈಶಾಖ ಬೇರೆ. ಹಾಗಾಗಿ ಒಂದು ಪದರ ಕಡಿಮೆ ತೊಡಿಸಿ. ಕೈಕಾಲು ತಣ್ಣಗಿದ್ದರೆ ಮೋಸಹೋಗಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ; ಬೆವರಿದ್ದರೆ ಬಿಚ್ಚಿ ತೆಗೆಯಿರಿ. ತಲೆಯ ಮೇಲೆ ದುಪಟ್ಟಾ, ಶಾಲು ಹೊದೆಸಬೇಡಿ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಕಿಲ್ಲ, ಹಾಲನ್ನೇ ಪದೇ ಪದೇ ಕೊಡಿ. ಸ್ಲಿಂಗಿನಲ್ಲೇ ಹಾಲೂಡಿಸಿದರೆ, ಮುಗಿದ ಕೂಡಲೇ ಕೂಸನ್ನು ಮತ್ತೆ ನೆಟ್ಟಗೆ ಮೇಲಕ್ಕೆ ತನ್ನಿ.

ಔಷಧದ ಕೌಂಟರಿನಿಂದ ನಾಲ್ಕು ಮಾತು

ಒಂದು, ನಿದ್ದೆ ಬರಿಸುವ ಮಾತ್ರೆ. ನೆಗಡಿಯ ಕ್ಲೋರ್‌ಫೆನಿರಮಿನ್, ಅಲರ್ಜಿಯ ಡೈಫೆನ್‌ಹೈಡ್ರಮಿನ್, ಬೆನ್ನುನೋವಿಗೆ ಕೊಡುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ತೆಗೆದುಕೊಂಡ ಮೇಲೆ ಕೂಸನ್ನು ಕಟ್ಟಿಕೊಳ್ಳಬೇಡಿ. ನೈಟ್ ಡ್ಯೂಟಿ ಮುಗಿಸಿ ಬಂದ ಅಪ್ಪನಿಗೂ ಇದೇ ಮಾತು: ಕೂಸನ್ನು ಎದೆಗೆ ಕಟ್ಟಿಕೊಂಡು ಸೋಫಾದಲ್ಲಿ ಒರಗಬೇಡಿ.

ಎರಡು, ಬಾಮು. ದಿನವಿಡೀ ನಿಂತು ದುಡಿದ ಭುಜಕ್ಕೆ ಬಾಮು ತಿಕ್ಕುವುದು ನಮ್ಮವರ ಅಭ್ಯಾಸ. ಕರ್ಪೂರ, ಮೆಂತಾಲ್ ಇರುವ ಬಾಮು ಎಳೆಯ ಮಕ್ಕಳ ಉಸಿರಾಟಕ್ಕೆ ತೊಂದರೆ ಮಾಡಬಲ್ಲದು. ಅದೇ ಭುಜಕ್ಕೆ ಕೂಸಿನ ಮೂಗು ತಾಗುತ್ತದೆ ಎಂಬುದು ನೆನಪಿರಲಿ. ನೋವಿನ ಜೆಲ್, ಘಾಟು ಅತ್ತರು, ಬಖೂರಿನ ಹೊಗೆ ಹಿಡಿದ ಬಟ್ಟೆಗೂ ಇದೇ ಎಚ್ಚರ.

ಮೂರು, ಜ್ವರ. ಚುಚ್ಚುಮದ್ದಿನ ಜ್ವರದಲ್ಲಿ ಕೂಸನ್ನು ಬಿಗಿಯಾಗಿ ಕಟ್ಟಿದರೆ ಶಾಖ ಒಳಗೇ ಉಳಿಯುತ್ತದೆ, ಕೈಯಲ್ಲೇ ಎತ್ತಿಕೊಳ್ಳಿ. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ, ಅಂದಾಜಿನಲ್ಲಿ ಹನಿ ಹಾಕಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ನಾಲ್ಕು, ತೊಳೆಯುವುದು. ಕೂಸು ಪಟ್ಟಿಯನ್ನು ಚೀಪುತ್ತದೆ. ಸೌಮ್ಯ ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಿಸಿ.

ಸ್ಲಿಂಗ್ ಬಿಚ್ಚಿಡಬೇಕಾದ ಹೊತ್ತು

ಒಗ್ಗರಣೆ ಹಾಕುವಾಗ, ಎಣ್ಣೆಯಲ್ಲಿ ಕರಿಯುವಾಗ, ಬಿಸಿ ಚಹಾ ಕುಡಿಯುವಾಗ ಕೂಸು ಎದೆಯಲ್ಲಿ ಇರಬಾರದು. ಬಾಗುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ. ಕಾರಿನಲ್ಲಿ ಸ್ಲಿಂಗ್ ಎಂದಿಗೂ ರಕ್ಷಣೆಯಲ್ಲ: ಬ್ರೇಕ್ ಬಿದ್ದಾಗ ನಮ್ಮ ಮೈಭಾರವೇ ಕೂಸಿನ ಮೇಲೆ ಬೀಳುತ್ತದೆ. ಯುಎಇಯಲ್ಲಿ 2017ರಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಊರಿಗೆ ಹೋಗುವಾಗ ವಿಮಾನ ಏರುವ, ಇಳಿಯುವ ಹೊತ್ತಿನಲ್ಲಿ ಕೂಸನ್ನು ಹೊರಗೆ ತೆಗೆಯಿರಿ ಎಂದು ಸಿಬ್ಬಂದಿ ಹೇಳಿದರೆ ವಾದ ಬೇಡ.

ಕೂಸಿನ ತುಟಿ ನೀಲಿಯಾದರೆ, ಮೂಗಿನ ಹೊಳ್ಳೆ ಅರಳಿ ಉಸಿರಾಡುತ್ತಿದ್ದರೆ, ಗೊರಗೊರ ಸದ್ದು ಬಂದರೆ ತಕ್ಷಣ ಹೊರಗೆ ತೆಗೆಯಿರಿ. ಉಸಿರಾಟ ಸರಿಹೋಗದಿದ್ದರೆ, ಕೂಸು ಸ್ಪಂದಿಸದಿದ್ದರೆ ಅಂಗಾತ ಮಲಗಿಸಿ ಕೂಡಲೇ ಆಂಬುಲೆನ್ಸ್ ಕರೆಯಿರಿ. ಯುಎಇ 998, ಸೌದಿ 997, ಕತಾರ್ 999, ಬಹರೈನ್ 999, ಕುವೈತ್ 112, ಒಮಾನ್ 9999. ಈ ಸಂಖ್ಯೆಯನ್ನು ಬರೆದು ಫ್ರಿಜ್ಜಿಗೆ ಅಂಟಿಸಿಡಿ.

ನಿಮ್ಮ ಮನೆಯಲ್ಲಿ ಪುಟ್ಟ ಮಕ್ಕಳಿಲ್ಲದಿದ್ದರೂ ಪಕ್ಕದ ಫ್ಲ್ಯಾಟಿನಲ್ಲಿ ಇರಬಹುದು. ರಾಜ್ಯೋತ್ಸವದ ಸಭೆಯಲ್ಲಿ, ಯುಗಾದಿ ಊಟದ ಸಾಲಿನಲ್ಲಿ ಕೂಸನ್ನು ಕಟ್ಟಿಕೊಂಡ ತಾಯಿಯೋ ತಂದೆಯೋ ಕಂಡರೆ ಗಲ್ಲದ ಕಡೆ ಒಮ್ಮೆ ಕಣ್ಣು ಹಾಯಿಸಿ. ಸರಿಯಿಲ್ಲದಿದ್ದರೆ ಸಂಕೋಚವಿಲ್ಲದೆ ಮೆಲ್ಲಗೆ ಹೇಳಿ. ಸರಿಯಿದ್ದರೆ, ಅವರು ನೆಮ್ಮದಿಯಾಗಿ ಕೂತು ಊಟ ಮಾಡುವಷ್ಟು ಹೊತ್ತು ಕೂಸನ್ನು ನೀವೇ ಎತ್ತಿಕೊಳ್ಳಿ.